ಅಂಗೈ ಕಡೆ ತಿರುಗಿಸಿ ನೋಡಿ

ಬೈಕ್ ಸವಾರರ ಸರಕು ಮಾರುವ ಅಂಗಡಿಯಲ್ಲಿ ಗ್ಲೌಸ್ ಕೇಳಿದರೆ ಮೊದಲು ಕಾಣುವುದು ಅದರ ಬೆನ್ನು. ಗೆಣ್ಣುಗಳ ಮೇಲೆ ಮಿರುಗುವ ಕಪ್ಪು ಚಿಪ್ಪು, ಪಕ್ಕದಲ್ಲಿ ಕೆಂಪು ಪಟ್ಟಿ, ಗಾಳಿಯಾಡಲು ಒಂದೆರಡು ಕಿಂಡಿ. "ಕಾರ್ಬನ್ ಫೈಬರ್ ಸರ್, ಕುಟ್ಟಿ ನೋಡಿ ಬೇಕಾದ್ರೆ" ಎನ್ನುತ್ತಾ ಅಂಗಡಿಯವರು ಗಾಜಿನ ಮೇಜಿಗೆ ಟಕಟಕ ಬಡಿದು ತೋರಿಸುತ್ತಾರೆ. ಸದ್ದೇನೋ ಚೆನ್ನಾಗಿಯೇ ಬರುತ್ತದೆ. ಆ ಗ್ಲೌಸನ್ನು ಅವರ ಕೈಯಿಂದ ಇಸಿದುಕೊಂಡು ಮಗುಚಿ ನೋಡಬೇಕು. ಬೈಕಿನಿಂದ ಬೀಳುವವರು ರಸ್ತೆಗೆ ಗುದ್ದಲು ಹೋಗುವುದಿಲ್ಲ, ಕೈಯೂರಲು ಹೋಗುತ್ತಾರೆ. ಹಾಗಾಗಿ ಗ್ಲೌಸಿನ ಯೋಗ್ಯತೆ ಇರುವುದು ಅಂಗೈಯಲ್ಲಿ, ಹೊಲಿಗೆಯಲ್ಲಿ, ಮಣಿಕಟ್ಟಿನ ಪಟ್ಟಿಯಲ್ಲಿ. ಗೆಣ್ಣಿನ ಚಿಪ್ಪಿಗೂ ಕೆಲಸವಿದೆ, ಆದರೆ ಅದರ ಸರದಿ ಆಮೇಲಿನದು.

ಬೀಳುವಾಗ ಕೈ ಚಾಚುವುದು ನಾವು ಯೋಚಿಸಿ ಮಾಡುವ ಕೆಲಸವಲ್ಲ. ಎಡವಿದ ಮಗುವೂ ಹಾಗೇ ಮಾಡುತ್ತದೆ. ಆಗ ಇಡೀ ಮೈಭಾರ ಬರುವುದು ಅಂಗೈಯ ಬುಡಕ್ಕೆ. ಅಲ್ಲಿ ಹೆಬ್ಬೆರಳಿನ ಕಡೆಗೆ, ಮಣಿಕಟ್ಟಿನ ಒಳಗೆ ಸ್ಕೇಫಾಯ್ಡ್ ಎಂಬ ಗೋಡಂಬಿ ಗಾತ್ರದ ಮೂಳೆಯೊಂದಿದೆ. ಮಣಿಕಟ್ಟಿನ ಎಂಟು ಕಿರುಮೂಳೆಗಳಲ್ಲಿ ಹೆಚ್ಚಾಗಿ ಮುರಿಯುವುದು ಇದೇ. ಇದಕ್ಕೆ ರಕ್ತ ಮುಖ್ಯವಾಗಿ ಬೆರಳುಗಳ ಕಡೆಯ ತುದಿಯಿಂದ ಹರಿದು ಬರುತ್ತದೆ. ನಡುವೆ ಮುರಿದರೆ ಮೊಳಕೈ ಕಡೆಯ ತುಂಡಿಗೆ ರಕ್ತ ತಲುಪುವುದೇ ಕಷ್ಟ. ಅದಕ್ಕೇ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಕೆಲವೊಮ್ಮೆ ಆ ತುಂಡು ಸತ್ತೇ ಹೋಗುತ್ತದೆ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆ, "ಉಳುಕಿದೆ ಅಷ್ಟೆ" ಎಂದು ಮನೆಗೆ ಬಂದವರೂ ಇದ್ದಾರೆ. ಬಿದ್ದ ಮೇಲೆ ಹೆಬ್ಬೆರಳಿನ ಬುಡ ಒತ್ತಿದರೆ ನೋಯುತ್ತಿದ್ದರೆ ಮತ್ತೆ ತೋರಿಸಿಕೊಳ್ಳುವುದೇ ಲೇಸು.

ಒಳ್ಳೆಯ ಸ್ಪೋರ್ಟ್ ಗ್ಲೌಸಿನಲ್ಲಿ ಅಂಗೈಯ ಬುಡಕ್ಕೆ ನುಣುಪಾದ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಕೂರಿಸಿರುವುದು ಈ ಮೂಳೆಗಾಗಿಯೇ. ಸವಾರರು ಅದನ್ನು ಪಾಮ್ ಸ್ಲೈಡರ್ ಎನ್ನುತ್ತಾರೆ. ಬರೀ ತೊಗಲು ಡಾಂಬರಿಗೆ ಕಚ್ಚಿಕೊಳ್ಳುತ್ತದೆ. ಕೈ ನಿಂತುಬಿಡುತ್ತದೆ, ಮೈ ಮುಂದೆ ಹೋಗುತ್ತಲೇ ಇರುತ್ತದೆ, ನಡುವೆ ಸಿಕ್ಕ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಇದ್ದರೆ ಕೈ ಕಚ್ಚಿಕೊಳ್ಳದೆ ಜಾರುತ್ತದೆ. ಇಂಗ್ಲೆಂಡಿನ ನಾಕ್ಸ್ ಕಂಪನಿ ತನ್ನ ಈ ಏರ್ಪಾಟಿಗೆ ಆ ಮೂಳೆಯ ಹೆಸರನ್ನೇ ಇಟ್ಟಿದೆ. ಅಂಗಡಿಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಗ್ಲೌಸ್ ತೊಟ್ಟು ಅಂಗೈಯ ಬುಡವನ್ನು ಮೇಜಿನ ಮೇಲೆ ಒತ್ತಿ ಮುಂದಕ್ಕೆ ತಳ್ಳಿ. ಮೇಜಿಗೆ ಮೊದಲು ತಾಗಬೇಕಾದ್ದು ಪ್ಲಾಸ್ಟಿಕ್. ತೊಗಲೇ ಮೊದಲು ತಾಗಿದರೆ ಆ ತುಂಡು ತಪ್ಪು ಜಾಗದಲ್ಲಿದೆ, ಇಲ್ಲವೇ ಬರೀ ಅಲಂಕಾರಕ್ಕಿದೆ.

ಇನ್ನು ತೊಗಲಿನ ಮಾತು. ತೊಗಲಿನಲ್ಲಿ ಬಿಗಿಯಾಗಿ ಹೆಣೆದುಕೊಂಡ ಭಾಗ ಮೇಲ್ಪದರ. ಅದನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಪ್ಲಾಸ್ಟಿಕ್ ಲೇಪ ಬಳಿದು, ಅದನ್ನೂ 'ಒರಿಜಿನಲ್ ಲೆದರ್' ಎಂದೇ ಮಾರುತ್ತಾರೆ. ಮಾತು ಸುಳ್ಳೇನಲ್ಲ, ಮಾಲು ಮಾತ್ರ ಬೇರೆ. ಹೆಬ್ಬೆರಳಿನಿಂದ ಒತ್ತಿದಾಗ ಮೇಲ್ಪದರದ ತೊಗಲಿನಲ್ಲಿ ಸಣ್ಣ ಸಣ್ಣ ಸುಕ್ಕುಗಳು ಸುತ್ತ ಹರಡುತ್ತವೆ. ದಪ್ಪ ಲೇಪದ್ದು ರೆಕ್ಸಿನ್ನಿನ ಹಾಗೆ ಒಂದೇ ಗುಳಿಯಾಗಿ ತಗ್ಗುತ್ತದೆ. ದನದ ತೊಗಲು ದಪ್ಪ, ಸವೆತ ತಡೆಯುತ್ತದೆ, ಆದರೆ ಹ್ಯಾಂಡಲ್ಲಿನ ಹಿಡಿತ ಕೈಗೆ ಮಂಕಾಗಿ ತಿಳಿಯುತ್ತದೆ. ಆಡಿನ ತೊಗಲು ತೆಳುವಾದರೂ ಗಟ್ಟಿ, ಬೇಗ ಕೈಗೆ ಪಳಗುತ್ತದೆ. ರೇಸಿನವರು ಮೆಚ್ಚುವುದು ಕಾಂಗರೂ ತೊಗಲನ್ನು. ಅದರ ನಾರುಗಳು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುವುದರಿಂದ ತೆಳ್ಳಗೆ ಹೆರೆದರೂ ಬಲ ಅಷ್ಟಾಗಿ ಕುಗ್ಗುವುದಿಲ್ಲ. ಜರ್ಮನಿಯ ಹೆಲ್ಡ್ ಕಂಪನಿಯ ಫ್ಯಾಂಟಮ್ ಸಾಲಿನ ಗ್ಲೌಸುಗಳಲ್ಲಿ ಕಾಂಗರೂ ತೊಗಲಿನ ಜೊತೆಗೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ಚರ್ಮವನ್ನೂ ಬಳಸುತ್ತಾರೆ. ಮರಳು ಅಂಟಿಸಿದಂತಿರುವ ಆ ಚರ್ಮದ ಮಣಿಗಳು ಸುಲಭಕ್ಕೆ ಸವೆಯುವಂಥವಲ್ಲ. ಊರಿನ ರಸ್ತೆಗೆ ಇಷ್ಟೆಲ್ಲ ಬೇಕೇ? ನನ್ನ ಮಟ್ಟಿಗೆ ಆಡಿನ ತೊಗಲು ಸಾಕು, ಅಂಗೈಯ ಬುಡದಲ್ಲಿ ಎರಡು ಪದರ ಇದ್ದರೆ.

ಎಷ್ಟು ಹೊತ್ತು ತಡೆದರೆ ಸಾಕು ಎಂಬುದಕ್ಕೆ ಒಂದು ಸರಳ ಲೆಕ್ಕ ಮಾಡೋಣ. ಮೈಗೂ ರಸ್ತೆಗೂ ನಡುವಿನ ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಿದ್ದವನು ಸುಮಾರು 20 ಮೀಟರ್ ಜಾರಿ ಎರಡೂವರೆ ಸೆಕೆಂಡಿನೊಳಗೆ ನಿಲ್ಲುತ್ತಾನೆ. 100 ಕಿ.ಮೀ. ಆದರೆ 56 ಮೀಟರ್, ನಾಲ್ಕು ಸೆಕೆಂಡು. ವೇಗ ಎರಡು ಪಟ್ಟೂ ಆಗಿಲ್ಲ, ಜಾರುವ ದೂರ ಮಾತ್ರ ಮೂರು ಪಟ್ಟಿಗೆ ಹತ್ತಿರ.

ಯುರೋಪಿನಲ್ಲಿ ಮೋಟರ್‌ಸೈಕಲ್ ಗ್ಲೌಸುಗಳಿಗೆಂದೇ ಇಎನ್ 13594 ಎಂಬ ಮಾನದಂಡವಿದೆ. 2015ರ ಆವೃತ್ತಿಯಲ್ಲಿ ಎರಡು ಹಂತಗಳಿವೆ. ಅಂಗೈಯ ತೊಗಲು ಸವೆತದ ಪರೀಕ್ಷೆಯಲ್ಲಿ ಮೊದಲ ಹಂತಕ್ಕೆ 4 ಸೆಕೆಂಡು, ಎರಡನೆಯದಕ್ಕೆ 8 ಸೆಕೆಂಡು ತಾಳಬೇಕು. ಈ ಪರೀಕ್ಷೆಯ ಯಂತ್ರವನ್ನು ರೂಪಿಸಿದವರು ಕೇಂಬ್ರಿಜ್ ವಿಶ್ವವಿದ್ಯಾಲಯದ ರಾಡ್ರಿಕ್ ವುಡ್ಸ್. ಒರಟು ಮರಳುಕಾಗದದ ಪಟ್ಟಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ತೊಗಲಿನ ತುಂಡನ್ನು ಅದರ ಮೇಲೆ ಬೀಳಿಸುತ್ತಾರೆ. ತುಂಡಿನ ಹಿಂದೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಇರುತ್ತದೆ. ತೊಗಲು ತೂತಾಗಿ ತಂತಿ ಕಡಿದೊಡನೆ ಗಡಿಯಾರ ನಿಲ್ಲುತ್ತದೆ. ಅಂದರೆ ಈ 4 ಸೆಕೆಂಡನ್ನು ರಸ್ತೆಯ 4 ಸೆಕೆಂಡಿಗೆ ಸರಿಸಮ ಎಂದುಕೊಳ್ಳುವಂತಿಲ್ಲ. ಯಂತ್ರದ ವೇಗ ಗಂಟೆಗೆ 29 ಕಿ.ಮೀ.ಯೂ ಇಲ್ಲ. ಒಂದು ಗ್ಲೌಸನ್ನು ಇನ್ನೊಂದರ ಜೊತೆ ಹೋಲಿಸಲು ಈ ಅಂಕಿ ಒಳ್ಳೆಯದು, ಪ್ರಾಣಕ್ಕೆ ಬರೆದುಕೊಟ್ಟ ಗ್ಯಾರಂಟಿ ಅಲ್ಲ.

ಈ ಮಾನದಂಡ ದಾಟಿದ ಗ್ಲೌಸಿನ ಚೀಟಿಯ ಮೇಲೆ ಬೈಕ್ ಸವಾರನ ಪುಟ್ಟ ಚಿತ್ರ, ಅದರ ಜೊತೆ 1 ಅಥವಾ 2 ಎಂಬ ಅಂಕಿ ಇರುತ್ತದೆ. ಗೆಣ್ಣಿನ ಚಿಪ್ಪು ಹೊಡೆತದ ಪರೀಕ್ಷೆ ದಾಟಿದ್ದರೆ 'ಕೆಪಿ' ಎಂಬ ಅಕ್ಷರಗಳೂ ಇರುತ್ತವೆ. ಇವಿಲ್ಲದ ಮೊದಲ ಹಂತದ ಗ್ಲೌಸಿನಲ್ಲಿ ಎಷ್ಟು ಮಿರುಗುವ ಚಿಪ್ಪಿದ್ದರೂ ಅದಕ್ಕೆ ಪರೀಕ್ಷೆಯ ಆಧಾರ ಇಲ್ಲ ಎಂದೇ ತಿಳಿಯಬೇಕು. ಇಎನ್ 388 ಎಂಬ ಗುರುತಿನ ಗ್ಲೌಸನ್ನೂ ಕೆಲವರು ಬೈಕಿಗೆಂದು ಕೊಡುತ್ತಾರೆ. ಅದು ಕಾರ್ಖಾನೆಯಲ್ಲಿ ತಗಡು, ಯಂತ್ರದ ಬಿಡಿಭಾಗ ಹಿಡಿಯುವವರಿಗಾಗಿ ಇರುವ ಮಾನದಂಡ. ನಮ್ಮ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೇಳುವುದು ಹೆಲ್ಮೆಟ್ಟಿನ ಬಗ್ಗೆ ಮಾತ್ರ. ಗ್ಲೌಸಿನ ಪಾಡು ಕೊಳ್ಳುವವನ ಕಣ್ಣಿಗೆ ಬಿಟ್ಟದ್ದು.

ತೊಗಲು ಎಷ್ಟೇ ಗಟ್ಟಿಯಾಗಿರಲಿ, ಹೊಲಿಗೆ ಬಿಚ್ಚಿದರೆ ಎಲ್ಲ ಮುಗಿಯಿತು. ಕಿರುಬೆರಳಿನ ಹೊರಬದಿಯನ್ನು ದೀಪದ ಕೆಳಗೆ ಹಿಡಿದು ನೋಡಿ. ಜಾರುವಾಗ ರಸ್ತೆಗೆ ಉಜ್ಜುವ ಅಂಚು ಅದು. ಅಲ್ಲಿ ಒಂಟಿ ಹೊಲಿಗೆ ಮೇಲೆಯೇ ಕಾಣುತ್ತಿದ್ದರೆ ಆ ದಾರ ಡಾಂಬರಿಗೆ ಮೊದಲ ತುತ್ತು. ಜೋಡಿ ಹೊಲಿಗೆ ಇರಬೇಕು, ಇಲ್ಲವೇ ಹೊಲಿಗೆಯ ಮೇಲೆ ಇನ್ನೊಂದು ತೊಗಲಿನ ಪಟ್ಟಿ ಮುಚ್ಚಿರಬೇಕು. ಬೆರಳ ತುದಿಯಲ್ಲಿ ಹೊಲಿಗೆಯನ್ನು ಹೊರಕ್ಕೆ ಬಿಟ್ಟಿರುವುದು ಮಾತ್ರ ಬೇಕೆಂದೇ ಮಾಡಿದ್ದು. ಒಳಗಿದ್ದರೆ ಉಗುರಿಗೆ ಒತ್ತುತ್ತದೆ. ಕಿರುಬೆರಳನ್ನೂ ಉಂಗುರ ಬೆರಳನ್ನೂ ಜೋಡಿಸುವ ತೊಗಲಿನ ಸೇತುವೆ ಕೆಲವು ರೇಸ್ ಗ್ಲೌಸುಗಳಲ್ಲಿದೆ. ಒಂಟಿಯಾಗಿ ಸಿಕ್ಕ ಕಿರುಬೆರಳು ಹೊರಕ್ಕೆ ತಿರುಚಿಕೊಳ್ಳದಿರಲಿ ಎಂಬುದು ಅದರ ಉದ್ದೇಶ. ಮೊದಮೊದಲು ಕಿರಿಕಿರಿ ಎನಿಸಿದರೂ ಆಮೇಲೆ ಅದು ಇರುವುದೇ ಮರೆತುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ನೋಡುವುದು ಮಣಿಕಟ್ಟಿನ ಪಟ್ಟಿಯನ್ನು. ಜಾರುವ ಮುಂಚೆಯೇ ಕೈಯಿಂದ ಕಳಚಿ ಹಾರಿಹೋದ ಗ್ಲೌಸು ಕಾಂಗರೂವಿನದಾದರೇನು, ತೊರಕೆಯದಾದರೇನು? ಪಟ್ಟಿ ಮಣಿಕಟ್ಟಿನ ತೀರಾ ಸಣಕಲು ಜಾಗವನ್ನು ಬಳಸಿ ಕಟ್ಟಬೇಕು. ಬರೀ ಇಲಾಸ್ಟಿಕ್ ಸಾಲದು. ಪಟ್ಟಿ ಬಿಗಿದ ಮೇಲೆ ಜೊತೆಯವರಿಗೆ ಬೆರಳ ತುದಿಗಳನ್ನು ಹಿಡಿದು ಜೋರಾಗಿ ಎಳೆಯಲು ಹೇಳಿ. ಅಂಗಡಿಯವರು ಹುಬ್ಬು ಗಂಟಿಕ್ಕಬಹುದು, ಗಂಟಿಕ್ಕಲಿ. ಸ್ಪೋರ್ಟ್ ಬೈಕಿಗೆ ಇದಕ್ಕೂ ಮೇಲೆ ಇನ್ನೊಂದು ಪಟ್ಟಿಯಿರುವ, ಜಾಕೆಟ್ಟಿನ ತೋಳನ್ನು ಒಳಗೆ ಸೇರಿಸಿಕೊಳ್ಳುವ ಉದ್ದನೆಯ ಗ್ಲೌಸೇ ಸರಿ. ಎರಡನೇ ಹಂತದ ಮಾನದಂಡವೂ ಮಣಿಕಟ್ಟು ದಾಟಿ ಕನಿಷ್ಠ 50 ಮಿ.ಮೀ. ಇರಬೇಕು ಎನ್ನುತ್ತದೆ, ಮೊದಲ ಹಂತಕ್ಕೆ 15 ಮಿ.ಮೀ. ಸಾಕು.

ಅಳತೆ ನೋಡುವಾಗ ಕೈ ಚಾಚಿ ನೋಡಿದರೆ ಮೋಸಹೋಗುತ್ತೀರಿ. ಹೊರಗೆ ನಿಂತಿರುವ ನಿಮ್ಮ ಬೈಕಿನ ಮೇಲೆ ಕೂತು, ಎರಡು ಬೆರಳಲ್ಲಿ ಬ್ರೇಕ್ ಒತ್ತಿ, ಇಂಡಿಕೇಟರ್ ಒತ್ತಿ ನೋಡಿ. ಸ್ಪೋರ್ಟ್ ಬೈಕಿನ ತಗ್ಗು ಹ್ಯಾಂಡಲ್ಲಿನಲ್ಲಿ ಮೈಭಾರ ಅಂಗೈ ಮೇಲೆ ಬೀಳುವುದರಿಂದ ಅಲ್ಲಿ ತೊಗಲು ಮಡಿಕೆಯಾದರೆ ಅರ್ಧ ಗಂಟೆಯಲ್ಲಿ ಬೊಬ್ಬೆ ಏಳುತ್ತದೆ. ಬೆರಳ ತುದಿ ತೊಗಲಿಗೆ ಒತ್ತುತ್ತಿದ್ದರೆ ಆ ಜೋಡಿ ಬೇಡ. ತೊಗಲು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವ ಆಸೆ ಇಟ್ಟುಕೊಳ್ಳಬೇಡಿ. ಬೆವೆತ ಕೈಯನ್ನು ಹೊರಗೆ ಎಳೆದಾಗ ಒಳಬಟ್ಟೆಯೂ ಜೊತೆಗೆ ಕಿತ್ತು ಬರುವ ಗ್ಲೌಸುಗಳಿವೆ. ತೊಟ್ಟು ಬಿಚ್ಚಿ ಎರಡು ಮೂರು ಸಲ ನೋಡಿದರೆ ಗೊತ್ತಾಗುತ್ತದೆ.

ಮಳೆಯಲ್ಲಿ ನೆನೆದದ್ದನ್ನು ಸೈಲೆನ್ಸರ್ ಮೇಲೋ ಬಿಸಿಲಿಗೋ ಇಟ್ಟರೆ ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ಗಾಳಿಯಾಡುವ ನೆರಳಲ್ಲಿ ಒಣಗಲು ಬಿಡಬೇಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗೆ ಮುಚ್ಚಿಟ್ಟ ತೊಗಲಿಗೆ ಬೂಷ್ಟು ಹಿಡಿಯುವುದು ಖಂಡಿತ. ವಾರಕ್ಕೊಮ್ಮೆ ಹೊರಗೆ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ತೊಗಲಿಗೆಂದೇ ಬರುವ ಕ್ರೀಮನ್ನು ತೆಳುವಾಗಿ ಸವರಿದರೆ ಸಾಕು. ಒಮ್ಮೆ ಬಿದ್ದು ಜಾರಿದ ಗ್ಲೌಸು ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಸ್ಲೈಡರಿನ ಅಂಚು, ಕಿರುಬೆರಳಿನ ಹೊಲಿಗೆ, ಪಟ್ಟಿಯ ಬುಡ ಈ ಮೂರನ್ನೂ ಎಳೆದು ನೋಡಬೇಕು. ಒಂದು ಕಡೆ ದಾರ ಸಡಿಲವಾಗಿದ್ದರೂ ಆ ಜೋಡಿಯನ್ನು ತೋಟದ ಕೆಲಸಕ್ಕೆ ಇಟ್ಟುಕೊಂಡು ಬೈಕಿಗೆ ಹೊಸದನ್ನು ಕೊಳ್ಳಿ.