ಸಹಕಾರ ಸಂಘದ ಲೆಕ್ಕವೂ ಕಂಪ್ಯೂಟರೂ: ಮುಂದಾಲೋಚನೆ, ಬಾಳಿಕೆ, ಅಪಾಯ ನಿವಾರಣೆ

ಬೇಸಾಯಗಾರನಿಗೆ ಬೀಜ, ಗೊಬ್ಬರ, ಸಾಲ ಈ ಮೂರೂ ಹದವರಿತು ದೊರೆಯಬೇಕಾದರೆ ಗ್ರಾಮದ ಸಹಕಾರ ಸಂಘವು ಸುಸ್ಥಿತಿಯಲ್ಲಿರಬೇಕು. ಸಂಘವು ಸುಸ್ಥಿತಿಯಲ್ಲಿರಬೇಕಾದರೆ ಅದರ ಲೆಕ್ಕವು ಶುದ್ಧವಾಗಿರಬೇಕು. ೧೯೦೪ ರ ಸಹಕಾರ ಕಾಯಿದೆಯ ಮೇರೆಗೆ ೧೯೦೫ ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವೊಂದನ್ನು ಸ್ಥಾಪಿಸಿದ ಸಂಗತಿಯು ನಮ್ಮ ನಾಡಿನ ಗ್ರಾಮಮುಖಂಡರಿಗೆ ಹೆಮ್ಮೆಯ ವಿಷಯವಾಗಿದೆ. ಅಂದಿನಿಂದ ಬಹುಕಾಲದವರೆಗೆ ನಮ್ಮ ಸಂಘಗಳ ಖಿರ್ದಿ, ಖಾತೆ, ರಸೀದಿಗಳೆಲ್ಲವೂ ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರಗಳಲ್ಲಿಯೇ ಇದ್ದುವು. ಆ ದಫ್ತರಕ್ಕೆ ಗೆದ್ದಲು, ಸೋರುವ ಮಾಳಿಗೆ, ತಿದ್ದುವ ಕೈ ಈ ಮೂರೇ ಶತ್ರುಗಳು. ಅವುಗಳಿಂದ ಅದನ್ನು ಕಾಪಾಡುವ ಬಗೆಯು ಹಿರಿಯರಿಗೆ ತಿಳಿದಿತ್ತು.

ಈಗ ಕಾಲವು ಬದಲಾಗಿದೆ. ೨೦೨೨ ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರುಗಳನ್ನು ಒದಗಿಸುವ ಸಲುವಾಗಿ ೨,೫೧೬ ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಸಂಘದ ಲೆಕ್ಕವು ಜಿಲ್ಲಾ ಬ್ಯಾಂಕಿನೊಡನೆಯೂ, ಅದರ ಮೂಲಕ ರಾಜ್ಯದ ಅಪೆಕ್ಸ್ ಬ್ಯಾಂಕಿನೊಡನೆಯೂ ಕೂಡಿಕೊಳ್ಳಬೇಕೆಂಬುದು ಇದರ ಉದ್ದೇಶ. ಯಂತ್ರವು ಬಂದಿತೆಂದರೆ ಅದು ಕಾರ್ಯದರ್ಶಿಯ ಕೆಲಸ, ನಮಗೆ ತಿಳಿಯತಕ್ಕದ್ದಲ್ಲ ಎಂದು ಆಡಳಿತ ಮಂಡಳಿಯ ಸದಸ್ಯರು ಸುಮ್ಮನಾಗುವುದು ಅನೇಕ ಕಡೆಗಳಲ್ಲಿ ಕಂಡುಬರುತ್ತದೆ. ಇದು ಸರಿಯಲ್ಲ. ಬಾವಿಯನ್ನು ತೋಡುವವನು ಒಡ್ಡನಾದರೂ, ಅದನ್ನು ಎಲ್ಲಿ ತೋಡಬೇಕು, ಎಷ್ಟು ಖರ್ಚು ಮಾಡಬೇಕು, ನೀರು ಬತ್ತಿದರೆ ಗತಿಯೇನು ಎಂಬುದನ್ನು ನಿಶ್ಚಯಿಸತಕ್ಕವನು ಜಮೀನಿನ ಯಜಮಾನನೇ. ಕಂಪ್ಯೂಟರಿನ ವಿಷಯವೂ ಹಾಗೆಯೇ.

ಮೊದಲು ಕೆಲಸ, ಅನಂತರ ಯಂತ್ರ

ಯಾವ ಕೆಲಸಕ್ಕಾಗಿ ಯಂತ್ರವು ಬೇಕೆಂಬುದನ್ನು ಮಂಡಳಿಯು ಮೊದಲು ಬರೆದಿಡಬೇಕು. ಸಾಲದ ಖಾತೆ, ಠೇವಣಿ, ಗೊಬ್ಬರದ ದಾಸ್ತಾನು, ಪಡಿತರದ ಅಂಗಡಿ ಇವುಗಳಲ್ಲಿ ಯಾವುದರ ಲೆಕ್ಕವು ಹಿಂದೆ ಬೀಳುತ್ತಿದೆ, ಯಾವುದರಿಂದ ಸದಸ್ಯರಿಗೆ ಹೆಚ್ಚು ತೊಂದರೆಯಾಗುತ್ತಿದೆ ಎಂಬುದನ್ನು ನೋಡಿ, ಅಲ್ಲಿಂದ ಪ್ರಾರಂಭಿಸಬೇಕು. ಎಲ್ಲವನ್ನೂ ಒಂದೇ ತಿಂಗಳಲ್ಲಿ ಬದಲಾಯಿಸಹೊರಟರೆ ಹಳೆಯ ಲೆಕ್ಕವೂ ಕೆಡುತ್ತದೆ, ಹೊಸದೂ ನಿಲ್ಲುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಎರಡನೆಯದಾಗಿ, ಯಂತ್ರವು ತಪ್ಪು ಲೆಕ್ಕವನ್ನು ಸರಿಮಾಡುವುದೆಂಬ ಭ್ರಾಂತಿಯು ಬೇಡ. ಕಾಗದದಲ್ಲಿದ್ದ ತಪ್ಪು ಯಂತ್ರದೊಳಕ್ಕೆ ಹೋದರೆ ಅಚ್ಚಾಗಿ ಹೊರಬರುತ್ತದೆ. ಅಚ್ಚಿನಲ್ಲಿರುವುದನ್ನು ಜನರು ಬೇಗನೆ ನಂಬುತ್ತಾರೆ. ಸಕಾಲದಲ್ಲಿ ಸಾಲವನ್ನು ತೀರಿಸಿದ ಸದಸ್ಯನ ಹೆಸರಿನ ಮುಂದೆ ಒಂದು ಅಂಕಿಯು ತಪ್ಪಿ ಬಿದ್ದರೆ ಆತನು ಸುಸ್ತಿದಾರನಾಗುತ್ತಾನೆ. ನಮ್ಮ ರಾಜ್ಯದಲ್ಲಿ ೨೦೨೩-೨೪ ರ ಆಯವ್ಯಯದಲ್ಲಿ ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಇಂತಹ ಸೌಲಭ್ಯವು ನಿಂತಿರುವುದು ಕಾಲಕ್ಕೆ ಸರಿಯಾದ ಮರುಪಾವತಿಯ ಮೇಲೆ. ಆದುದರಿಂದ ಗುಮಾಸ್ತನ ಕೈತಪ್ಪು ಒಂದು ಸಂಸಾರದ ಮುಂಗಾರಿನ ಬೇಸಾಯವನ್ನೇ ಕೆಡಿಸಬಲ್ಲುದು.

ಭೂಮಿ ಯೋಜನೆಯಿಂದ ಕಲಿಯತಕ್ಕದ್ದು

ಇಂತಹ ಬದಲಾವಣೆಗೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳು ೧೯೬೧ ರ ಕಾಯಿದೆಯ ಪ್ರಕಾರ ೧೯೬೩ ರಲ್ಲಿ ರದ್ದಾದ ಮೇಲೆ ಪಹಣಿಯ ದಫ್ತರವು ಸುಮಾರು ೯,೦೦೦ ಮಂದಿ ಗ್ರಾಮಲೆಕ್ಕಿಗರ ಕೈಯಲ್ಲಿ ಬಹುಕಾಲ ಇದ್ದಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಭೂಮಿ ಎಂಬ ಯೋಜನೆಯಿಂದ, ಸುಮಾರು ೬೭ ಲಕ್ಷ ಜಮೀನುದಾರರಿಗೆ ಸಂಬಂಧಿಸಿದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದುವು. ತಾಲ್ಲೂಕು ಕಚೇರಿಯಲ್ಲಿ ೧೫ ರೂಪಾಯಿ ಕೊಟ್ಟು ಪಹಣಿಯನ್ನು ಪಡೆಯುವ ಅನುಕೂಲವು ಅಂದು ಏರ್ಪಟ್ಟಿತು.

ಈ ಯೋಜನೆಯಲ್ಲಿ ಸಂಘಗಳು ಗಮನಿಸತಕ್ಕ ಅಂಶಗಳು ಮೂರು. ಯಂತ್ರಕ್ಕೆ ತುಂಬಿದ ದಾಖಲೆಯನ್ನು ಅಚ್ಚು ಮಾಡಿ ಮೂಲದೊಡನೆ ತಾಳೆ ನೋಡುವ ಏರ್ಪಾಟು ಇದ್ದಿತು. ಬದಲಾವಣೆ ಮಾಡತಕ್ಕ ನೌಕರನು ತನ್ನ ಬೆರಳಚ್ಚನ್ನು ಕೊಟ್ಟೇ ಯಂತ್ರದೊಳಗೆ ಪ್ರವೇಶಿಸಬೇಕಾಗಿತ್ತು. ಆದುದರಿಂದ ಯಾರು ಏನನ್ನು ಮಾಡಿದರೆಂಬುದು ಉಳಿಯುತ್ತಿತ್ತು. ಕೊನೆಯದಾಗಿ, ಯಂತ್ರದ ದಾಖಲೆಯು ಸಿದ್ಧವಾದೊಡನೆ ಕೈಬರಹದ ಪಹಣಿಯ ಮಾನ್ಯತೆಯನ್ನು ನಿಲ್ಲಿಸಲಾಯಿತು. ಎರಡು ಪುಸ್ತಕಗಳು ಬಹುಕಾಲ ಜೊತೆಯಾಗಿ ನಡೆದರೆ ಜಗಳಕ್ಕೆ ಎಡೆಯಾಗುವುದು ಸಹಜ. ಆದರೆ ಹೆಸರು, ವಿಸ್ತೀರ್ಣಗಳಲ್ಲಿ ನುಸುಳಿಕೊಂಡ ತಪ್ಪುಗಳನ್ನು ತಿದ್ದಿಸಿಕೊಳ್ಳಲು ರೈತರು ಅನೇಕ ವರ್ಷಗಳು ಅಲೆದಾಡಿದುದೂ ನಿಜ. ತುಂಬುವ ದಿನದಲ್ಲಿ ಉಳಿಸಿದ ಒಂದು ಗಂಟೆಯ ಶ್ರಮಕ್ಕೆ ತಿದ್ದುವ ದಿನದಲ್ಲಿ ಹತ್ತು ಗಂಟೆಯನ್ನು ತೆರಬೇಕಾಗುವುದು.

ಅಪಾಯಗಳು ನಾಲ್ಕು ಬಗೆ

ಯಂತ್ರದಲ್ಲಿಟ್ಟ ಲೆಕ್ಕಕ್ಕೆ ಒದಗುವ ಕೇಡನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಸಿಡಿಲು, ಧೂಳು, ಸೆಕೆ, ವಿದ್ಯುತ್ತಿನ ಏರಿಳಿತಗಳಿಂದ ಬರುವುದು, ನೌಕರರ ಅಜಾಗ್ರತೆಯಿಂದ ಬರುವುದು, ಮೋಸಗಾರರಿಂದ ಬರುವುದು, ಯಂತ್ರವನ್ನೂ ಅದರ ತಂತ್ರಾಂಶವನ್ನೂ ಒದಗಿಸುವವರನ್ನೇ ನೆಚ್ಚಿಕೊಂಡಿರುವುದರಿಂದ ಬರುವುದು. ಮೊದಲಿನ ಎರಡನ್ನು ಎಲ್ಲರೂ ಬಲ್ಲರು. ಉಳಿದ ಎರಡರ ವಿಷಯದಲ್ಲಿ ಕೆಲವು ಸಂಗತಿಗಳನ್ನು ತಿಳಿಸುವುದು ಅಗತ್ಯ.

೨೦೧೮ ರ ಆಗಸ್ಟ್ ೧೧ ನೆಯ ಶನಿವಾರದಿಂದ ಪ್ರಾರಂಭಿಸಿ ೧೩ ನೆಯ ಸೋಮವಾರದೊಳಗಾಗಿ ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿನಿಂದ ಸುಮಾರು ೯೪ ಕೋಟಿ ರೂಪಾಯಿಗಳು ಕಳುವಾದುವು. ಕಳ್ಳರು ಕನ್ನ ಕೊರೆಯಲಿಲ್ಲ, ಬೀಗ ಮುರಿಯಲಿಲ್ಲ. ಹಣವನ್ನು ಕೊಡುವ ಯಂತ್ರಗಳ ವ್ಯವಸ್ಥೆಯೊಳಗೆ ದೂರದಿಂದಲೇ ಪ್ರವೇಶಿಸಿ, ೨೮ ದೇಶಗಳಲ್ಲಿ ನಕಲಿ ಕಾರ್ಡುಗಳಿಂದ ಹಣವನ್ನು ತೆಗೆದರು. ವಾರದ ಕೊನೆಯ ದಿನಗಳಲ್ಲಿ ಕೃತ್ಯವು ನಡೆದುದನ್ನು ಗಮನಿಸಬೇಕು.

ಅಮೆರಿಕಾದ ಅಯೋವಾ ಸಂಸ್ಥಾನವು ಮುಸುಕಿನ ಜೋಳಕ್ಕೂ ಸೋಯಾ ಅವರೆಗೂ ಹೆಸರಾದುದು. ಅಲ್ಲಿನ ನ್ಯೂ ಕೋಆಪರೇಟಿವ್ ಎಂಬ ರೈತರ ಸಹಕಾರ ಸಂಘದ ಕಂಪ್ಯೂಟರುಗಳನ್ನು ೨೦೨೧ ರ ಸೆಪ್ಟೆಂಬರ್ ತಿಂಗಳಲ್ಲಿ, ಕೊಯ್ಲಿನ ಕಾಲಕ್ಕೆ ಸರಿಯಾಗಿ, ದುಷ್ಕರ್ಮಿಗಳು ಗುಪ್ತಲಿಪಿಯಿಂದ ಬಂಧಿಸಿ, ಬಿಡುಗಡೆಗೆ ೫೯ ಲಕ್ಷ ಡಾಲರುಗಳನ್ನು ಕೇಳಿದರು. ಅದೇ ಸುಗ್ಗಿಯಲ್ಲಿ ಆ ದೇಶದ ಆರು ಧಾನ್ಯದ ಸಹಕಾರ ಸಂಘಗಳ ಮೇಲೆ ಇಂತಹ ದಾಳಿಗಳಾದುವೆಂದೂ, ಬಿತ್ತನೆ ಕೊಯ್ಲುಗಳ ಕಾಲವನ್ನೇ ಕೇಡಿಗರು ಆರಿಸಿಕೊಳ್ಳುವ ಸಂಭವವುಂಟೆಂದೂ ಅಲ್ಲಿನ ಕೇಂದ್ರ ತನಿಖಾ ಇಲಾಖೆಯು ೨೦೨೨ ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ರೈತನಿಗೆ ಒಂದು ದಿನವೂ ತಡೆಯಲಾಗದ ಕಾಲವೇ ಕಳ್ಳನಿಗೆ ಸುಗ್ಗಿಯ ಕಾಲ.

ನಾಲ್ಕನೆಯ ಬಗೆಗೆ ೨೦೨೪ ರ ಜುಲೈ ೩೧ ರ ಸಂಗತಿಯೇ ಸಾಕ್ಷಿ. ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆಯನ್ನು ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಯ ಮೇಲೆ ದಾಳಿಯಾದ ಕಾರಣ, ಕೇಡು ಹರಡಬಾರದೆಂದು ಅದನ್ನು ರಾಷ್ಟ್ರೀಯ ಪಾವತಿ ನಿಗಮವು ಹಣ ಪಾವತಿಯ ಜಾಲದಿಂದ ಬೇರ್ಪಡಿಸಬೇಕಾಯಿತು. ಅದರಿಂದ ಸುಮಾರು ೩೦೦ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ಹಣದ ವರ್ಗಾವಣೆಯು ನಿಂತಿತು. ಮರುದಿನ ಸಂಪರ್ಕವು ಮತ್ತೆ ಏರ್ಪಟ್ಟಿತು. ಆ ಬ್ಯಾಂಕುಗಳ ತಪ್ಪೇನೂ ಇರಲಿಲ್ಲ; ಅವು ಒಂದೇ ಕಾಲುವೆಯ ನೀರನ್ನು ನೆಚ್ಚಿದ್ದುವು, ಅಷ್ಟೆ.

ಜಮೀನುದಾರರಿಗೆ ಇನ್ನೂ ಹತ್ತಿರದ ವಿಷಯವೊಂದುಂಟು. ೨೦೨೩ ರಲ್ಲಿ ನಮ್ಮ ರಾಜ್ಯದಲ್ಲಿ, ನೋಂದಣಿಯಾದ ಕ್ರಯಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕಿನ ಹಣವನ್ನು ಲಪಟಾಯಿಸಿದ ದೂರುಗಳು ಬಂದುವು. ಆಧಾರ್ ಪ್ರಾಧಿಕಾರವು ಒದಗಿಸಿರುವ ಅನುಕೂಲದಿಂದ ಪ್ರತಿಯೊಬ್ಬನೂ ತನ್ನ ಬೆರಳಚ್ಚಿಗೆ ಬೀಗ ಹಾಕಿಸಿಕೊಂಡು, ಬೇಕಾದಾಗ ತೆಗೆಯಬಹುದು. ಜಮೀನು ಕೊಂಡವರೂ ಮಾರಿದವರೂ ಇದನ್ನು ತಪ್ಪದೆ ಮಾಡಿಕೊಳ್ಳುವುದು ಲೇಸು.

ನಕಲೇ ಬಿತ್ತನೆಯ ಬೀಜ

ಇಷ್ಟು ಅಪಾಯಗಳಿಗೆ ಮೊದಲ ಮದ್ದು ಲೆಕ್ಕದ ನಕಲು. ಬುದ್ಧಿವಂತನಾದ ರೈತನು ಬಿತ್ತನೆಯ ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬುವುದಿಲ್ಲ. ಒಂದರಲ್ಲಿ ನೀರು ಜಿನುಗಿದರೂ ಇನ್ನೊಂದು ಉಳಿಯುತ್ತದೆ. ಲೆಕ್ಕವೂ ಮೂರು ಪ್ರತಿಗಳಲ್ಲಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದು ಪ್ರತಿಯಾದರೂ ಸಂಘದ ಕಟ್ಟಡದಿಂದ ಹೊರಗಿರಬೇಕು. ನಕಲನ್ನು ತೆಗೆದೊಡನೆ ಆ ಸಾಧನವನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಸದಾ ಕೂಡಿಕೊಂಡೇ ಇದ್ದರೆ ಮೂಲದೊಡನೆ ನಕಲೂ ಕೆಡುವುದು. ಲೆಕ್ಕವು ಮೇಲಿನ ಬ್ಯಾಂಕಿನ ಸಾಮಾನ್ಯ ತಂತ್ರಾಂಶದಲ್ಲಿದ್ದರೆ ಅಲ್ಲಿ ನಕಲನ್ನು ಯಾರು, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆಂಬುದನ್ನು ಬರಹದಲ್ಲಿ ಕೇಳಿ ತಿಳಿದುಕೊಂಡು, ದಿನದ ಕೊನೆಯ ಬಾಕಿಗಳ ಪಟ್ಟಿಯನ್ನು ಸಂಘವು ಕಾಗದದಲ್ಲಿ ಇಟ್ಟುಕೊಳ್ಳತಕ್ಕದ್ದು.

ಬೀಜವು ಮೊಳೆಯುವುದೋ ಇಲ್ಲವೋ ಎಂಬುದನ್ನು ಬಿತ್ತುವುದಕ್ಕೆ ಮೊದಲು ನೋಡುವಂತೆ, ನಕಲನ್ನೂ ಪರೀಕ್ಷಿಸಬೇಕು. ಮೂರು ತಿಂಗಳಿಗೊಮ್ಮೆ ಐದು ಮಂದಿ ಸದಸ್ಯರ ಖಾತೆಗಳನ್ನು ನಕಲಿನಿಂದ ತೆಗೆದು ಅವರ ಪಾಸು ಪುಸ್ತಕಗಳೊಡನೆ ತಾಳೆ ನೋಡಿದರೆ ಸಾಕು. ಈ ಕೆಲಸವನ್ನು ಕಾರ್ಯದರ್ಶಿಯೊಬ್ಬನೇ ಮಾಡದೆ, ಮಂಡಳಿಯ ಒಬ್ಬ ಸದಸ್ಯನ ಸಮಕ್ಷಮದಲ್ಲಿ ಮಾಡಬೇಕು.

ಬಾಳಿಕೆಯ ವಿಚಾರ

ಎತ್ತನ್ನು ಕೊಳ್ಳುವವನು ಅದರ ಬೆಲೆಯನ್ನು ಮಾತ್ರ ಎಣಿಸುವುದಿಲ್ಲ. ಮೇವು, ಲಾಳ, ಔಷಧಗಳನ್ನೂ ಎಣಿಸುತ್ತಾನೆ. ಸರ್ಕಾರದಿಂದ ಯಂತ್ರವು ಬಂದರೂ ಬ್ಯಾಟರಿ, ದುರಸ್ತಿ, ಅಂತರಜಾಲದ ಬಾಡಿಗೆ, ನೌಕರನ ತರಬೇತಿ ಇವು ವರ್ಷವರ್ಷವೂ ಸಂಘದ ಮೇಲೆ ಬೀಳುತ್ತವೆ. ಯೋಜನೆಯ ಸಹಾಯವು ಮುಗಿದ ಮೇಲೂ ಕೆಲಸವು ನಡೆಯಬೇಕಾದರೆ ಪ್ರತಿವರ್ಷದ ಲಾಭದಲ್ಲಿ ಸ್ವಲ್ಪ ಭಾಗವನ್ನು ಇದಕ್ಕೆಂದೇ ತೆಗೆದಿಡಬೇಕು. ಒಬ್ಬನೇ ನೌಕರನು ಎಲ್ಲವನ್ನೂ ಬಲ್ಲವನಾಗಿದ್ದರೆ, ಆತನು ಕಾಯಿಲೆ ಬಿದ್ದ ದಿನ ಸಂಘವೂ ಕಾಯಿಲೆ ಬಿದ್ದಂತೆಯೇ. ಇನ್ನೊಬ್ಬನಿಗೂ ಕೆಲಸವನ್ನು ಕಲಿಸಬೇಕು.

ಯಂತ್ರವು ಓಡುತ್ತಿದ್ದರೂ ಅದರ ಮೂಲ ತಂತ್ರಾಂಶಕ್ಕೆ ವಯಸ್ಸಾಗುವುದುಂಟು. ವಿಂಡೋಸ್ ೧೦ ಎಂಬ ಬಹುಬಳಕೆಯ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಕಂಪನಿಯು ಸಾಮಾನ್ಯ ಬೆಂಬಲವನ್ನು ೨೦೨೫ ರ ಅಕ್ಟೋಬರ್ ೧೪ ಕ್ಕೆ ನಿಲ್ಲಿಸಿತು. ಬೆಂಬಲವಿಲ್ಲದ ಯಂತ್ರವು ಬೇಲಿಯಿಲ್ಲದ ಹೊಲದಂತೆ. ಅಂತಹ ಯಂತ್ರದಲ್ಲಿ ಹಣದ ಲೆಕ್ಕವನ್ನು ಇಡಬಾರದು. ಹಾಗೆಂದು ಹಳೆಯದನ್ನು ತಿಪ್ಪೆಗೆ ಎಸೆಯುವುದೂ ತಪ್ಪು. ಈ ಯಂತ್ರಗಳಲ್ಲಿಯೂ ಅವುಗಳ ಬ್ಯಾಟರಿಗಳಲ್ಲಿಯೂ ಸೀಸವೇ ಮೊದಲಾದ ವಿಷಲೋಹಗಳಿರುವುದರಿಂದ ತಿಪ್ಪೆಯ ಗೊಬ್ಬರದೊಡನೆ ಅವು ಹೊಲಕ್ಕೂ ಬಾವಿಗೂ ಸೇರುವ ಭಯವುಂಟು. ೨೦೨೨ ರಲ್ಲಿ ಲೋಕದಲ್ಲೆಲ್ಲಾ ಇಂತಹ ಕಸವು ೬.೨ ಕೋಟಿ ಟನ್ನುಗಳಷ್ಟಾಗಿ, ಅದರಲ್ಲಿ ಕಾಲು ಭಾಗಕ್ಕಿಂತಲೂ ಕಡಮೆ ಮಾತ್ರ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಬಂದಿತೆಂದು ವಿಶ್ವಸಂಸ್ಥೆಯ ವರದಿಯು ತಿಳಿಸುತ್ತದೆ. ಲೆಕ್ಕವನ್ನು ಪೂರ್ಣವಾಗಿ ಅಳಿಸಿ, ಯಂತ್ರವನ್ನು ನೋಂದಾಯಿತರಾದ ಮರುಬಳಕೆದಾರರಿಗೇ ಒಪ್ಪಿಸತಕ್ಕದ್ದು.

ಮಂಡಳಿಯು ಮಾಡತಕ್ಕ ಏರ್ಪಾಟುಗಳು

೧. ಖಾತೆಯಲ್ಲಿ ಬರೆಯುವವನು ಬೇರೆ, ಒಪ್ಪಿಗೆ ಕೊಡುವವನು ಬೇರೆ ಇರಬೇಕು.

೨. ಗುಪ್ತಪದವು ಒಬ್ಬೊಬ್ಬ ನೌಕರನಿಗೆ ಒಂದೊಂದಾಗಿರಬೇಕು. ಅದನ್ನು ಗೋಡೆಗೆ ಅಂಟಿಸುವುದಾಗಲಿ, ಒಬ್ಬರಿಗೊಬ್ಬರು ಹೇಳುವುದಾಗಲಿ ಕೂಡದು. ನೌಕರನು ಕೆಲಸ ಬಿಟ್ಟ ದಿನವೇ ಆತನ ಪ್ರವೇಶವನ್ನು ರದ್ದು ಮಾಡಬೇಕು.

೩. ತಂತ್ರಾಂಶವನ್ನು ಕೊಟ್ಟವರೊಡನೆ ಲಿಖಿತ ಕರಾರು ಇರಬೇಕು. ಕರಾರು ಮುಗಿದಾಗ ಸಂಘದ ಲೆಕ್ಕವನ್ನೆಲ್ಲಾ ಓದಲು ಬರುವ ರೂಪದಲ್ಲಿ ಹಿಂದಿರುಗಿಸತಕ್ಕದ್ದೆಂದು ಅದರಲ್ಲಿ ನಮೂದಾಗಿರಬೇಕು.

೪. ಯಂತ್ರವು ನಿಂತ ದಿನ ಕೆಲಸ ನಡೆಸುವುದಕ್ಕಾಗಿ ಅಚ್ಚಾದ ರಸೀದಿ ಪುಸ್ತಕವೂ ಖಿರ್ದಿಯೂ ಸಿದ್ಧವಾಗಿರಬೇಕು. ಮುಂಗಾರಿಗೆ ಮೊದಲು ಒಂದು ದಿನ ಇದನ್ನು ಅಭ್ಯಾಸ ಮಾಡಿ ನೋಡಬೇಕು.

೫. ವರ್ಷಕ್ಕೊಮ್ಮೆ ಪ್ರತಿ ಸದಸ್ಯನಿಗೂ ಆತನ ಸಾಲ ಮತ್ತು ಠೇವಣಿಯ ಬಾಕಿಯನ್ನು ಅಚ್ಚು ಮಾಡಿ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಿ, ತಕರಾರುಗಳನ್ನು ಮಹಾಸಭೆಗೆ ಮೊದಲೇ ತೀರ್ಮಾನಿಸಬೇಕು.

೬. ಹಣವು ಮೋಸದಿಂದ ಹೋದುದು ತಿಳಿದೊಡನೆ ೧೯೩೦ ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಿ, ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡಬೇಕು. ಮಾನಕ್ಕೆ ಅಂಜಿ ಮುಚ್ಚಿಟ್ಟರೆ ಹಣವು ಕೈಗೆ ಸಿಕ್ಕುವ ಕಾಲವು ಮೀರುತ್ತದೆ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಮೇಲೆ ಹೇಳಿದ ಏರ್ಪಾಟುಗಳಲ್ಲಿ ಹೆಚ್ಚಿನವು ಹಣವನ್ನು ಬೇಡುವುದಿಲ್ಲ. ಹಿರಿಯರ ಗಮನವನ್ನೂ ತಿಂಗಳಿಗೆ ಒಂದೆರಡು ಗಂಟೆಯ ಕಾಲವನ್ನೂ ಮಾತ್ರ ಬೇಡುತ್ತವೆ. ಸಂಘದಲ್ಲಿರುವ ಹಣವು ನೆರೆಹೊರೆಯವರ ಬೆವರು. ಅದರ ಲೆಕ್ಕವು ಬರಹದ ಪುಸ್ತಕದಲ್ಲಿರಲಿ, ಯಂತ್ರದಲ್ಲಿರಲಿ, ಅದಕ್ಕೆ ಹೊಣೆಗಾರರು ಮಂಡಳಿಯಲ್ಲಿ ಕುಳಿತ ಮುಖಂಡರೇ. ಮುಂದಿನ ತಿಂಗಳ ಸಭೆಯ ಕಾರ್ಯಕ್ರಮಪಟ್ಟಿಯಲ್ಲಿ ಈ ವಿಷಯವನ್ನು ಮೊದಲನೆಯದಾಗಿ ಸೇರಿಸಿ, ಲೆಕ್ಕದ ನಕಲು ಎಲ್ಲಿದೆಯೆಂದು ಕಾರ್ಯದರ್ಶಿಯನ್ನು ಕೇಳುವುದರಿಂದಲೇ ಕೆಲಸವನ್ನು ಪ್ರಾರಂಭಿಸಬಹುದು.