ನೆನೆದ ಬೆಟ್ಟದ ಹಾದಿಯಲ್ಲಿ ಸೈಕಲ್ ವಿಹಾರ

ಸೈಕಲ್ಲು ಬಡವನ ಕುದುರೆ ಎಂದು ಹಿರಿಯರು ಹೇಳುವುದುಂಟು. ಅದಕ್ಕೆ ಹುಲ್ಲು ಬೇಡ, ಹುರುಳಿ ಬೇಡ. ಆಗಾಗ ನಾಲ್ಕು ಹನಿ ಎಣ್ಣೆ, ಎರಡು ಚಕ್ರಗಳಿಗೂ ಸಾಕಷ್ಟು ಗಾಳಿ ಇದ್ದರೆ ಆಯಿತು. ಆದರೆ ಕುದುರೆಗೂ ಸೈಕಲ್ಲಿಗೂ ಒಂದು ಭೇದವಿದೆ. ಜಾರುವ ನೆಲದ ಮೇಲೆ ಕಾಲಿಡಲು ಕುದುರೆ ತಾನಾಗಿಯೇ ಹಿಂಜರಿಯುತ್ತದೆ. ಸೈಕಲ್ಲಿಗೆ ಆ ವಿವೇಕವಿಲ್ಲ. ಅದರ ಪಾಲಿನ ವಿವೇಕವೂ ಸವಾರನ ತಲೆಯಲ್ಲಿಯೇ ಇರಬೇಕಾಗುತ್ತದೆ. ಬೆಟ್ಟದ ಹಾದಿ, ಅದರ ಮೇಲೆ ಮಳೆ, ಇವೆರಡೂ ಕೂಡಿದಾಗ ಆ ವಿವೇಕವು ಯಾವ ಬಗೆಯದಾಗಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಬಯಲುಸೀಮೆಯಿಂದ ಇತ್ತ ಬಂದ ನಮಗೆ ಮೊದಲು ಹೊಸದಾಗಿ ತೋರಿದ್ದು ಈ ಕರಾವಳಿಯ ಮಳೆಯ ಕ್ರಮ. ನಮ್ಮ ಕಡೆ ದೀಪಾವಳಿ ಕಳೆಯಿತೆಂದರೆ ಛತ್ರಿಯನ್ನು ಅಟ್ಟಕ್ಕೇರಿಸುವುದು ವಾಡಿಕೆ. ಇಲ್ಲಿ ಹಾಗಲ್ಲ. ನೈಋತ್ಯ ಮಾರುತವು ಹಿಂದೆ ಸರಿದ ಮೇಲೆಯೂ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಹುಟ್ಟುತ್ತಲೇ ಇರುತ್ತವೆ. ಅವುಗಳಲ್ಲಿ ಕೆಲವು ಚಂಡಮಾರುತಗಳಾಗಿ ಬೆಳೆದು ಆಂಧ್ರದ ತೀರವನ್ನು ಅಪ್ಪಳಿಸುತ್ತವೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣವನ್ನೇ ಹಾದುಹೋಗಿ ಸಾವಿರಾರು ಮರಗಳನ್ನು ಉರುಳಿಸಿತು. 2023ರ ಡಿಸೆಂಬರ್ 5ರಂದು ಮಿಚಾಂಗ್ ಎಂಬುದು ದಕ್ಷಿಣದ ಬಾಪಟ್ಲದ ಬಳಿ ದಡ ಮುಟ್ಟಿತು. ಹೀಗೆ ಚಳಿಯೂ ಮಳೆಯೂ ಇಲ್ಲಿ ಒಮ್ಮೊಮ್ಮೆ ಕೈಹಿಡಿದುಕೊಂಡು ಬರುತ್ತವೆ.

ಇದೇ ಕಾಲದಲ್ಲಿ ಇಲ್ಲಿನ ಜನರು ಕಾರ್ತಿಕ ಮಾಸದ ವನಭೋಜನಕ್ಕೆ ತೋಪುಗಳಿಗೂ ಬೆಟ್ಟದ ತಪ್ಪಲುಗಳಿಗೂ ಹೊರಡುವರು. ಶಾಲೆಗೆ ರಜವಿದ್ದ ದಿನ ನಮ್ಮ ಕನ್ನಡ ಮಕ್ಕಳೂ ಸೈಕಲ್ಲು ತೆಗೆಯುವರು. ಹೋಗಲು ದಾರಿಗಳಿಗೇನೂ ಕೊರತೆಯಿಲ್ಲ. ದುವ್ವಾಡದ ಈಶಾನ್ಯಕ್ಕೆ ಸಿಂಹಾಚಲದ ಬೆಟ್ಟಸಾಲು. ವಿಜಯನಗರದ ಕೃಷ್ಣದೇವರಾಯನು 1516ರಲ್ಲಿ ಬಂದು ದರ್ಶನ ಪಡೆದ ಗುಡಿ ಅದರ ಮೇಲಿದೆ. ಪೂರ್ವಕ್ಕೆ ಉಕ್ಕಿನ ಕಾರ್ಖಾನೆಯ ಆಚೆ ಯಾರಾಡ ಬೆಟ್ಟವು ಸಮುದ್ರದವರೆಗೂ ಚಾಚಿಕೊಂಡಿದೆ. ಇನ್ನೂ ದೂರ ಹೋಗಬಲ್ಲ ಹಿರಿಯರಿಗೆ, ಸುಮಾರು 900 ಮೀಟರ್ ಎತ್ತರದ ಅರಕು ಕಣಿವೆಗೆ ಏರುವ ಅನಂತಗಿರಿಯ ಘಾಟಿ ಇದೆ. ಮಳೆ ತೊಳೆದ ಆ ಬೆಟ್ಟಗಳ ಹಸುರು, ಕೆಳಗಿಳಿದು ಬಂದ ಮೋಡ, ಕಲ್ಲುಗಳ ನಡುವೆ ಹರಿಯುವ ಸಣ್ಣ ತೊರೆ, ಇವನ್ನು ಬೇಸಿಗೆಯಲ್ಲಿ ಕಾಣಲಾಗದು. ಬಸ್ಸಿನ ಕಿಟಕಿಯಿಂದ ನೋಡಿದರೂ ಅಷ್ಟು ಸುಖವಿಲ್ಲ. ಆದುದರಿಂದ ಹೋಗಲೇಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮರೆಯದೆ ಹೋಗಬೇಕು.

ಮೊದಲು ಬೆಟ್ಟದ ಗುಟ್ಟನ್ನು ತಿಳಿಯೋಣ. ಏರುವಾಗ ನಾವು ಪಟ್ಟ ಶ್ರಮವು ಎಲ್ಲಿಗೆ ಹೋಯಿತು? ಅದು ಮಾಯವಾಗಲಿಲ್ಲ; ಎತ್ತರದ ರೂಪದಲ್ಲಿ ಶೇಖರವಾಗಿದೆ. ವಿಜ್ಞಾನದಲ್ಲಿ ಇದನ್ನು ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ. ಸವಾರನೂ ಸೈಕಲ್ಲೂ ಕೂಡಿ 60 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ನೂರು ಮೀಟರ್ ಎತ್ತರಕ್ಕೆ ಏರಿದರೆ ಸುಮಾರು 58,800 ಜೂಲ್ ಶಕ್ತಿ ಶೇಖರವಾಗುತ್ತದೆ. ಇಳಿಯುವಾಗ ಈ ಸಾಲವನ್ನು ಬೆಟ್ಟವು ಬಡ್ಡಿಯಿಲ್ಲದೆ ಹಿಂದಕ್ಕೆ ಕೊಡುತ್ತದೆ. ಗಾಳಿಯ ತಡೆಯೂ ಬ್ರೇಕಿನ ತಡೆಯೂ ಇಲ್ಲವಾದರೆ, ತಳವನ್ನು ಮುಟ್ಟುವಾಗ ಸೈಕಲ್ಲಿನ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್ ಆಗಿರುತ್ತಿತ್ತು! ಹಾಗಾಗದಂತೆ ಕಾಯುವುದು ಗಾಳಿ ಮತ್ತು ಬ್ರೇಕು. ನಾವು ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆಯಾಗಿ ಬ್ರೇಕಿನ ಪಾಲು ಹೆಚ್ಚುತ್ತದೆ. ಬ್ರೇಕು ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಹೊರಹಾಕುತ್ತದೆ. ಆ ಶಾಖವೆಲ್ಲ ಒಂದು ಲೀಟರ್ ನೀರನ್ನು ಸುಮಾರು 14 ಡಿಗ್ರಿಯಷ್ಟು ಬಿಸಿಮಾಡಲು ಸಾಕು. ಇಷ್ಟು ಕೆಲಸವನ್ನು ಮಾಡಬೇಕಾದವು ಹೆಬ್ಬೆರಳಿನಷ್ಟು ಉದ್ದದ ನಾಲ್ಕು ರಬ್ಬರು ತುಂಡುಗಳು!

ಈಗ ಮಳೆಯ ಗುಟ್ಟು. ಬ್ರೇಕಿನ ರಬ್ಬರು ರಿಮ್ಮನ್ನು ಒತ್ತಿ ಹಿಡಿಯುತ್ತದೆ. ಘರ್ಷಣೆಯಿಂದ ಚಕ್ರ ನಿಲ್ಲುತ್ತದೆ. ರಿಮ್ಮು ನೆನೆದಿದ್ದರೆ ನಡುವೆ ನೀರಿನ ತೆಳು ಪೊರೆ ಸೇರಿಕೊಂಡು ರಬ್ಬರಿಗೆ ಹಿಡಿತ ಸಿಗದು. ಚಕ್ರವು ಹಲವು ಸುತ್ತು ಉರುಳಿ, ರಬ್ಬರು ಆ ನೀರನ್ನು ಒರೆಸಿ ಹಾಕಿದ ಮೇಲೆಯೇ ಬ್ರೇಕು ನಿಜವಾಗಿ ಹಿಡಿಯಲಾರಂಭಿಸುವುದು. ಹಳೆಯ ಮಾದರಿಯ ಸೈಕಲ್ಲುಗಳ ಹೊಳೆಯುವ ಉಕ್ಕಿನ ರಿಮ್ಮಿನಲ್ಲಿ ಈ ದೋಷ ಬಹಳ ಹೆಚ್ಚು. ಅಲ್ಯೂಮಿನಿಯಂ ರಿಮ್ಮಿನಲ್ಲಿ ಕಡಿಮೆ. ಚಕ್ರದ ನಡುವೆ ತಟ್ಟೆಯಿರುವ ಡಿಸ್ಕ್ ಬ್ರೇಕಿನಲ್ಲಿ ಇನ್ನೂ ಕಡಿಮೆ. ಆದರೆ ಯಾವ ಬ್ರೇಕಿದ್ದರೂ ಟಯರಿಗೂ ರಸ್ತೆಗೂ ನಡುವಣ ಹಿಡಿತವನ್ನು ಮಳೆಯು ತಗ್ಗಿಸಿಯೇ ತಗ್ಗಿಸುತ್ತದೆ.

ಇಳಿಜಾರು ಮತ್ತು ಮಳೆ ಒಂದಾದಾಗ ಏನಾಗುವುದೆಂಬುದಕ್ಕೆ ಒಂದು ಲೆಕ್ಕ ಮಾಡೋಣ. ಸಮನೆಲದಲ್ಲಿ, ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 4 ಮೀಟರಿನಷ್ಟು ವೇಗವನ್ನು ಕಳೆಯುತ್ತದೆಂದು ಭಾವಿಸಿರಿ. ಮಳೆಯಲ್ಲಿ ಅದು ಅರ್ಧವಾಗಿ 2 ಮೀಟರಿಗೆ ಇಳಿಯಲಿ. ಹತ್ತಕ್ಕೆ ಒಂದರಂತೆ ಇರುವ ಇಳಿಜಾರಿನಲ್ಲಿ ಗುರುತ್ವಾಕರ್ಷಣೆಯು ಸೈಕಲ್ಲನ್ನು ಮುಂದಕ್ಕೆ ಎಳೆಯುತ್ತ, ಇದರಲ್ಲಿ ಸುಮಾರು 1 ಮೀಟರನ್ನು ತಿಂದುಹಾಕುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರುವ ಸವಾರನು ಬ್ರೇಕು ಹಿಡಿದ ಮೇಲೆ ಎಷ್ಟು ದೂರದಲ್ಲಿ ನಿಲ್ಲುವನು? ಒಣಗಿದ ಸಮನೆಲದಲ್ಲಿ ಸುಮಾರು 4 ಮೀಟರ್. ಒಣಗಿದ ಇಳಿಜಾರಿನಲ್ಲಿ 5 ಮೀಟರ್. ನೆನೆದ ಸಮನೆಲದಲ್ಲಿ ಸುಮಾರು 8 ಮೀಟರ್. ನೆನೆದ ಇಳಿಜಾರಿನಲ್ಲಿಯೋ, 15 ಮೀಟರಿಗೂ ಹೆಚ್ಚು!

ಇಲ್ಲಿ ಲಕ್ಷ್ಯದಲ್ಲಿಡಬೇಕಾದ ಮಾತೊಂದಿದೆ. ಇಳಿಜಾರಿನಿಂದ ಹೆಚ್ಚಿದ್ದು ಒಂದು ಮೀಟರ್ ಮಾತ್ರ. ಮಳೆಯಿಂದ ಹೆಚ್ಚಿದ್ದು ನಾಲ್ಕು ಮೀಟರ್. ಎರಡನ್ನೂ ಕೂಡಿದರೆ ಒಂಬತ್ತು ಆಗಬೇಕೆಂದು ಯಾರಾದರೂ ಎಣಿಸುವರು. ಆದರೆ ಆದದ್ದು ಹದಿನೈದು. ಏಕೆಂದರೆ ಮಳೆಯು ಬ್ರೇಕಿನ ಬಲವನ್ನು ಮೊದಲೇ ಅರ್ಧ ಮಾಡಿದೆ. ಉಳಿದ ಅಲ್ಪದರಲ್ಲಿ ಅರ್ಧವನ್ನು ಇಳಿಜಾರು ಕಸಿದುಕೊಂಡಿದೆ. ಊರೊಳಗಿನ ಮಳೆಯಲ್ಲಿ ನಿತ್ಯ ಶಾಲೆಗೆ ಬರುವವನೂ, ಬೇಸಿಗೆಯಲ್ಲಿ ಬೆಟ್ಟವನ್ನು ಹತ್ತಾರು ಸಲ ಇಳಿದವನೂ ತಮಗೆ ಎರಡೂ ಗೊತ್ತೆಂದು ನೆನೆದ ಬೆಟ್ಟದಲ್ಲಿ ಮೋಸಹೋಗುವುದು ಇದರಿಂದಲೇ. ಅಷ್ಟೇ ಅಲ್ಲ, ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ತಡವಾದರೆ ಆ ವೇಗದಲ್ಲಿ ಇನ್ನೂ ಐದೂವರೆ ಮೀಟರ್ ಸಾಗಿರುತ್ತೇವೆ. ಎದುರಿನ ತಿರುವು ಹತ್ತೇ ಮೀಟರ್ ದೂರದಲ್ಲಿದ್ದು, ಅದರಾಚೆ ಲಾರಿಯೊಂದು ಏರಿ ಬರುತ್ತಿದ್ದರೆ?

ಇದಕ್ಕೆ ಪರಿಹಾರವೂ ಅದೇ ಲೆಕ್ಕದಲ್ಲಿದೆ. ನಿಲ್ಲುವ ದೂರವು ವೇಗದ ವರ್ಗಕ್ಕೆ ಅನುಸಾರವಾಗಿರುತ್ತದೆ. ವೇಗ ಅರ್ಧವಾದರೆ ದೂರವು ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಗಂಟೆಗೆ 10 ಕಿಲೋಮೀಟರಿನಂತೆ ಇಳಿದರೆ ನೆನೆದ ಇಳಿಜಾರಿನಲ್ಲಿಯೂ ಸುಮಾರು 4 ಮೀಟರಿನಲ್ಲಿ ನಿಲ್ಲಬಹುದು. ಅಂದರೆ ಒಣಗಿದ ಸಮನೆಲದಲ್ಲಿ ಮೊದಲಿದ್ದ ದೂರವೇ ಮರಳಿ ಬಂತು. ಅರ್ಧ ವೇಗವೊಂದರಿಂದಲೇ ಮಳೆ ಮತ್ತು ಇಳಿಜಾರು ಎರಡರ ಕಾಟವನ್ನೂ ಕಳೆದಂತಾಯಿತು. ಆದರೆ ಈ ನಿರ್ಧಾರವನ್ನು ಮಾಡಬೇಕಾದುದು ನೆತ್ತಿಯಲ್ಲಿ. ವೇಗ ಏರಿದ ಮೇಲೆ ಅದನ್ನು ಇಳಿಸುವುದು ಕಷ್ಟ. ಏರದಂತೆ ತಡೆಯುವುದು ಸುಲಭ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಈ ಮಾತನ್ನು ನಂಬುವ ಮೊದಲು ನೀವೇ ಪರೀಕ್ಷೆ ಮಾಡಬಹುದು. ವಾಹನಗಳಿಲ್ಲದ ಸಮನೆಲವನ್ನು ಆರಿಸಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ನಿಧಾನವಾಗಿ ಬಂದು, ಗೆರೆಯ ಮೇಲೆ ಬ್ರೇಕು ಒತ್ತಿ, ನಿಂತ ಜಾಗವನ್ನು ಗುರುತಿಸಿರಿ. ಬಳಿಕ ಎರಡು ರಿಮ್ಮುಗಳ ಮೇಲೂ ಚೆಂಬಿನಿಂದ ನೀರು ಹಾಕಿ ಹಾಗೆಯೇ ಮಾಡಿ ಅಳೆದು ನೋಡಿರಿ. ಎರಡು ಗುರುತುಗಳ ನಡುವಣ ಅಂತರವು ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಪಾಠವನ್ನು ಕಲಿಸುತ್ತದೆ.

ಇನ್ನು ಹಾದಿಯಲ್ಲಿ ನಡೆದುಕೊಳ್ಳಬೇಕಾದ ರೀತಿ. ಹೊರಡುವ ಮುನ್ನ ಬ್ರೇಕಿನ ರಬ್ಬರು ಸವೆದಿದೆಯೇ ನೋಡಬೇಕು. ಅದರಲ್ಲಿ ಸಿಕ್ಕಿಕೊಂಡ ಮರಳನ್ನು ಕೀಳಬೇಕು. ಚೈನಿಗೆ ಹಾಕುವ ಎಣ್ಣೆಯ ಒಂದು ಹನಿಯೂ ರಿಮ್ಮಿಗೆ ತಾಗಬಾರದು. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಮೈಮೇಲೆ ತಿಳಿಬಣ್ಣದ ಉಡುಪು ಇರಬೇಕು. ಮಳೆಯ ಮಬ್ಬಿನಲ್ಲಿ ನಮ್ಮನ್ನು ನಾವು ಕಾಣುವುದಲ್ಲ, ಲಾರಿಯವನು ಕಾಣುವುದು ಮುಖ್ಯ.

ಏರುವಾಗ ಗೇರಿದ್ದರೆ ಹಗುರವಾದುದನ್ನು ಮೊದಲೇ ಹಾಕಿಕೊಂಡು ಸಮನಾಗಿ ತುಳಿಯಬೇಕು. ಗೇರಿಲ್ಲದವರು ಇಳಿದು ತಳ್ಳಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. 1910ರಲ್ಲಿ ಫ್ರಾನ್ಸಿನ ಪ್ರಸಿದ್ಧ ಸೈಕಲ್ ಪಂದ್ಯವು ಮೊದಲ ಬಾರಿಗೆ 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯನ್ನು ಹಾಯ್ದಾಗ, ಆ ವರ್ಷದ ವಿಜೇತನಾದ ಆಕ್ಟೇವ್ ಲಾಪೀಜನೇ ಕೆಲವೆಡೆ ಸೈಕಲ್ಲು ತಳ್ಳಿಕೊಂಡು ನಡೆದನು. ಚಲಿಸುತ್ತಿರುವಾಗಲೇ ಬದಲಿಸುವ ಗೇರನ್ನು ಆ ಪಂದ್ಯದವರು ಒಪ್ಪಿದುದು 1937ರಲ್ಲಿ.

ಇಳಿಯುವಾಗ ಎರಡೂ ಬ್ರೇಕುಗಳನ್ನು ಮೆಲ್ಲಗೆ, ಬಿಟ್ಟು ಬಿಟ್ಟು ಒತ್ತುತ್ತಿರಬೇಕು. ಇದರಿಂದ ರಿಮ್ಮಿನ ನೀರು ಆಗಾಗ ಒರೆಸಿಹೋಗಿ, ಬೇಕಾದಾಗ ಹಿಡಿತ ಸಿದ್ಧವಾಗಿರುತ್ತದೆ. ಮುಂದಿನ ಬ್ರೇಕನ್ನು ಒಮ್ಮೆಗೇ ಬಿಗಿದರೆ ಮುಂದಿನ ಚಕ್ರ ಜಾರುತ್ತದೆ. ಅದು ಜಾರಿದರೆ ಸವಾರ ಬಿದ್ದನೆಂದೇ ಅರ್ಥ. ತಿರುವಿನಲ್ಲಿ ಬ್ರೇಕು ಹಿಡಿಯಬಾರದು, ತಿರುವಿಗೆ ಮೊದಲೇ ವೇಗವನ್ನು ಇಳಿಸಬೇಕು. ಟಯರಿಗೆ ಇರುವ ಹಿಡಿತ ಒಂದೇ ಗಂಟು. ಅದನ್ನು ತಿರುಗುವುದಕ್ಕೂ ನಿಲ್ಲುವುದಕ್ಕೂ ಏಕಕಾಲದಲ್ಲಿ ಖರ್ಚು ಮಾಡಿದರೆ ದಿವಾಳಿಯಾಗುತ್ತದೆ.

ಬಹುದಿನದ ಮೇಲೆ ಬಿದ್ದ ಮಳೆಯ ಮೊದಲ ಕೆಲವು ನಿಮಿಷಗಳು ಹೆಚ್ಚು ಕೆಟ್ಟವು. ರಸ್ತೆಯ ಎಣ್ಣೆ ಮತ್ತು ಧೂಳು ನೀರಿನೊಡನೆ ಕಲಸಿ ಜಾರುವ ಲೇಪವಾಗುತ್ತದೆ. ರಸ್ತೆಗೆ ಬಳಿದ ಬಿಳಿಯ ಪಟ್ಟೆ, ಕಬ್ಬಿಣದ ಮುಚ್ಚಳ, ಕೊಳೆತ ಎಲೆ, ಲಾರಿಗಳ ಗಾಲಿಯಿಂದ ಉದುರಿದ ಕೆಮ್ಮಣ್ಣು, ಇವುಗಳ ಮೇಲೆ ನೇರವಾಗಿಯೇ ಹಾಯಬೇಕು. ಬ್ರೇಕೂ ಬೇಡ, ತಿರುವೂ ಬೇಡ. ದುವ್ವಾಡವು ರೈಲಿನ ಊರಾದುದರಿಂದ ಇನ್ನೊಂದು ಮಾತು: ಹಳಿಗಳನ್ನು ಓರೆಯಾಗಿ ದಾಟಬಾರದು. ನೆನೆದ ಉಕ್ಕು ಗಾಜಿನಂತೆ ಜಾರುತ್ತದೆ. ಚಕ್ರವು ಹಳಿಯ ಪಕ್ಕದ ಸಂದಿಗೂ ಸಿಕ್ಕಬಹುದು. ಇಳಿದು ತಳ್ಳಿಕೊಂಡು ನೇರವಾಗಿ ದಾಟುವುದೇ ಲೇಸು.

ಚಳಿಯನ್ನೂ ಕಡೆಗಣಿಸಬಾರದು. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಒದ್ದೆ ಬಟ್ಟೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರಲ್ಲಿ ಬಹುಪಾಲನ್ನು ನಮ್ಮ ಮೈಯೇ ಕೊಡಬೇಕಾಗುತ್ತದೆ. ಏರುವಾಗ ಶ್ರಮದಿಂದ ಮೈ ಬೆಚ್ಚಗಿರುವುದರಿಂದ ಇದು ತಿಳಿಯುವುದಿಲ್ಲ. ಇಳಿಯುವಾಗ ಶ್ರಮವಿಲ್ಲ, ಎದುರುಗಾಳಿ ಬೇರೆ, ಬೆರಳುಗಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕು ಬಗ್ಗದು. ನೆತ್ತಿಯಲ್ಲಿ ಹಾಕಿಕೊಳ್ಳಲು ಒಣಗಿದ ಅಂಗಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಕು. ಅದಿಲ್ಲವಾದರೆ ಅಂಗಿಯೊಳಗೆ ಎದೆಯ ಮೇಲೆ ಹಳೆಯ ವೃತ್ತಪತ್ರಿಕೆಯನ್ನು ಮಡಿಸಿಟ್ಟುಕೊಂಡರೂ ಗಾಳಿ ತಡೆಯುತ್ತದೆ. ಯುರೋಪಿನ ಪಂದ್ಯಗಾರರು ಬೆಟ್ಟದ ನೆತ್ತಿಯಲ್ಲಿ ಹೀಗೆಯೇ ಮಾಡುತ್ತಿದ್ದರು.

ಮನೆಗೆ ಬಂದ ಮೇಲೆ ಮೊದಲು ಮೈ ಒರೆಸಿಕೊಂಡು, ಬಳಿಕ ಸೈಕಲ್ಲನ್ನೂ ಒರೆಸಬೇಕು. ಸಮುದ್ರದ ಉಪ್ಪುಗಾಳಿಯ ಊರಿನಲ್ಲಿ ನೆನೆದ ಚೈನು ಬೇಗ ತುಕ್ಕು ಹಿಡಿಯುತ್ತದೆ. ಒಣಗಿಸಿ ಎಣ್ಣೆ ಹಾಕಿಟ್ಟರೆ ಮುಂದಿನ ವಿಹಾರಕ್ಕೆ ಅದು ತಾನೇ ಸಿದ್ಧ.

ಕೊನೆಯದಾಗಿ, ಹೋಗಬಾರದ ದಿನವನ್ನು ಗುರುತಿಸುವುದೂ ಒಂದು ವಿದ್ಯೆ. ಹವಾಮಾನ ಇಲಾಖೆಯು ಚಂಡಮಾರುತದ ಮುನ್ಸೂಚನೆ ಕೊಟ್ಟಾಗ, ಗುಡುಗು ಮಿಂಚು ಇರುವಾಗ, ಬೆಟ್ಟದ ಮಣ್ಣು ನೆನೆದು ಕಲ್ಲುಗಳು ಉರುಳುತ್ತಿರುವಾಗ ಮನೆಯಲ್ಲಿರುವುದು ಹೇಡಿತನವಲ್ಲ.  ಬೆಟ್ಟವು ಎಲ್ಲಿಗೂ ಓಡಿಹೋಗದು; ಮುಂದಿನ ಭಾನುವಾರವೂ ಅಲ್ಲಿಯೇ ಇರುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಏರುವುದಕ್ಕೆ ಕಾಲಿನ ಬಲ ಬೇಕು, ಇಳಿಯುವುದಕ್ಕೆ ಮನಸ್ಸಿನ ಹಿಡಿತ ಬೇಕು. ನೀವು ಹೊರಟಾಗ ಮನೆಯ ಬಾಗಿಲಲ್ಲಿ ನಿಂತು ನೋಡುವ ತಾಯಿತಂದೆಗಳು ನೀವು ಎಷ್ಟು ಬೇಗ ಇಳಿದಿರೆಂದು ಕೇಳುವವರಲ್ಲ. ಹೊತ್ತು ಮುಳುಗುವ ಮೊದಲು ಕ್ಷೇಮವಾಗಿ ಬಂದಿರಾ ಎಂದು ಕೇಳುವವರು. ಅವರಿಗೆ ಬಂದೆವೆಂದು ಹೇಳುವಂತೆ ನಿಮ್ಮ ಸವಾರಿ ಸಾಗಲಿ. ನೆತ್ತಿಯಲ್ಲಿ ಒಂದು ಕ್ಷಣ ನಿಂತು, ಬ್ರೇಕು ಒತ್ತಿ ನೋಡಿ, ಅರ್ಧ ವೇಗವೆಂದು ಮನಸ್ಸಿನಲ್ಲಿ ನಿಶ್ಚಯಿಸಿ ಇಳಿಯಿರಿ. ಹಾಗೆ ಇಳಿದವರಿಗೆ ಬೆಟ್ಟದ ಹಸುರನ್ನು ನೋಡಲು ಎರಡರಷ್ಟು ಕಾಲ ಸಿಗುತ್ತದೆಂಬುದು ಲಾಭದ ಮೇಲೆ ಲಾಭ.