ದೋಣಿ ಬೇಡ, ವಿಮಾನದಲ್ಲೇ ಬನ್ನಿ: ಏನಿದು ಇಟಲಿ ಚರ್ಚ್‌ಗಳ ‘ಮಾನವೀಯ ಕಾರಿಡಾರ್’?

2013ರ ಅಕ್ಟೋಬರ್ 3ರಂದು ಇಟಲಿಯ ಲ್ಯಾಂಪೆಡೂಸಾ ದ್ವೀಪದ ಹತ್ತಿರ ವಲಸಿಗರ ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರು. ದಡ ಒಂದು ಕಿಲೋಮೀಟರ್ ಕೂಡ ದೂರ ಇರಲಿಲ್ಲ.

ಹೀಗೆ ಬರೋರು ಯಾರೂ ಪುಕ್ಕಟೆ ಬರಲ್ಲ. ದಲ್ಲಾಳಿಗಳಿಗೆ ವಿಮಾನದ ಟಿಕೆಟ್‌ಗಿಂತ ಜಾಸ್ತಿ ದುಡ್ಡು ಕೊಟ್ಟಿರ್ತಾರೆ. ಹಾಗಾದ್ರೆ ವಿಮಾನದಲ್ಲೇ ಯಾಕೆ ಬರಲ್ಲ? ಆಶ್ರಯ ಕೇಳಬೇಕಾದ್ರೆ ಮೊದಲು ಆ ದೇಶದಲ್ಲಿ ಕಾಲಿಡಬೇಕು. ಕಾಲಿಡೋಕೆ ವೀಸಾ ಬೇಕು. ಮನೆಮಠ ಕಳೆದುಕೊಂಡ ಬಡವರಿಗೆ ವೀಸಾ ಸಿಗಲ್ಲ. ಈ ಗಂಟನ್ನು ಬಿಚ್ಚೋಕೆ ಇಟಲಿಯ ಚರ್ಚ್‌ಗಳು ಒಂದು ದಾರಿ ಹುಡುಕಿದವು.

ಯಾರು ಇವರು?

ಒಂದು, ರೋಮ್‌ನ ಸಂತ್ ಎಜಿದಿಯೊ ಅನ್ನೋ ಕ್ಯಾಥೊಲಿಕ್ ಸಮುದಾಯ. 1968ರಲ್ಲಿ ಆಂದ್ರೆಯಾ ರಿಕಾರ್ಡಿ ಇದನ್ನು ಶುರು ಮಾಡಿದಾಗ ಅವರಿಗೆ ಬರೀ 18 ವರ್ಷ. ಇನ್ನೊಂದು ಕಡೆ ಪ್ರೊಟೆಸ್ಟೆಂಟ್ ಚರ್ಚ್‌ಗಳ ಒಕ್ಕೂಟ ಮತ್ತು ವಾಲ್ಡೆನ್ಸಿಯನ್ ಚರ್ಚ್. ಎರಡೂ ಕಡೆಯವರು ಸೇರಿ 2015ರ ಡಿಸೆಂಬರ್‌ನಲ್ಲಿ ಇಟಲಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಎರಡು ವರ್ಷದಲ್ಲಿ 1,000 ಜನರನ್ನು ಕರೆತರೋದು ಗುರಿ.

ಹೇಗೆ ನಡೆಯುತ್ತೆ?

ಸ್ವಯಂಸೇವಕರು ಲೆಬನಾನ್‌ನಲ್ಲಿರುವ ಸಿರಿಯಾ ನಿರಾಶ್ರಿತರ ಡೇರೆಗಳಿಗೆ ಹೋಗ್ತಾರೆ. ಕಾಯಿಲೆಯವರು, ಅಂಗವಿಕಲರು, ವಯಸ್ಸಾದವರು, ಚಿಕ್ಕ ಮಕ್ಕಳಿರುವ ಒಂಟಿ ತಾಯಂದಿರು, ಇಂಥವರ ಪಟ್ಟಿ ಮಾಡ್ತಾರೆ. ಸರ್ಕಾರ ಬೆರಳಚ್ಚು ತಗೊಂಡು ಹಿನ್ನೆಲೆ ಪರಿಶೀಲಿಸುತ್ತೆ. ಎಲ್ಲ ಸರಿ ಇದ್ರೆ ವೀಸಾ. ಯುರೋಪಿನ ವೀಸಾ ನಿಯಮದ 25ನೇ ವಿಧಿಯಲ್ಲಿ ಮಾನವೀಯ ಕಾರಣಕ್ಕೆ ಆ ಒಂದು ದೇಶಕ್ಕೆ ಮಾತ್ರ ವೀಸಾ ಕೊಡೋ ಅವಕಾಶ ಇದೆ. ಹೊಸ ಕಾನೂನೇನೂ ಮಾಡಿಲ್ಲ, ಇದ್ದದ್ದನ್ನೇ ಬಳಸಿಕೊಂಡರು.

ರೋಮ್‌ನಲ್ಲಿ ಇಳಿದ ಮೇಲೆ ಆಶ್ರಯಕ್ಕೆ ಅರ್ಜಿ. ಆಮೇಲೆ ಎಲ್ಲರನ್ನೂ ಒಂದೇ ಶಿಬಿರಕ್ಕೆ ತುಂಬಲ್ಲ. ಬೇರೆ ಬೇರೆ ಊರಲ್ಲಿ ಮನೆ ಮಾಡಿಕೊಡ್ತಾರೆ. ದೊಡ್ಡವರಿಗೆ ಭಾಷೆಯ ತರಗತಿ, ಮಕ್ಕಳಿಗೆ ಸ್ಕೂಲು, ಆಮೇಲೆ ಕೆಲಸ.

ನಮ್ಮಲ್ಲಿ ಹೊಸಬರು ಬಾಡಿಗೆ ಮನೆ ಕೇಳಿದ್ರೆ ‘ಗುರುತಿನವರು ಯಾರಿದ್ದಾರೆ?’ ಅಂತ ಕೇಳ್ತೀವಲ್ಲ, ಇಲ್ಲಿ ಆ ಗುರುತಿನವರಾಗಿ ನಿಂತಿದ್ದು ಚರ್ಚ್. ಅಕ್ಕಿ-ಬಟ್ಟೆ ಕೊಡೋದಕ್ಕಿಂತ ಇದು ದೊಡ್ಡ ಹೊಣೆ.

ಖರ್ಚು ಯಾರದು?

ಚರ್ಚ್‌ಗಳದೇ. ಇಟಲಿಯಲ್ಲಿ ಆದಾಯ ತೆರಿಗೆಯ ಸಾವಿರಕ್ಕೆ 8 ಪಾಲು ಯಾವ ಧಾರ್ಮಿಕ ಸಂಸ್ಥೆಗೆ ಹೋಗಬೇಕು ಅಂತ ಜನರೇ ಹೇಳಬಹುದು. ವಾಲ್ಡೆನ್ಸಿಯನ್ ಚರ್ಚ್ ತನಗೆ ಹೀಗೆ ಬಂದ ಹಣವನ್ನು ಇದಕ್ಕೆ ಹಾಕುತ್ತೆ. ಜೊತೆಗೆ ದೇಣಿಗೆ.

ಮತಾಂತರದ ಷರತ್ತು ಇದೆಯಾ?

ಇಲ್ಲ. ಬಂದವರಲ್ಲಿ ಮುಸ್ಲಿಮರು ತುಂಬಾ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಗ್ರೀಸ್‌ನ ಲೆಸ್ಬೋಸ್ ದ್ವೀಪದಿಂದ ತಮ್ಮ ವಿಮಾನದಲ್ಲೇ 12 ಸಿರಿಯನ್ನರನ್ನು ಕರೆತಂದರು. ಮೂರೂ ಕುಟುಂಬ ಮುಸ್ಲಿಮರೇ. ಅವರನ್ನು ನೋಡಿಕೊಂಡಿದ್ದೂ ಸಂತ್ ಎಜಿದಿಯೊದವರೇ.

ಇಷ್ಟು ಸಾಕಾ?

ಸಾಲದು. ಆಗ ಲೆಬನಾನ್ ಒಂದರಲ್ಲೇ 10 ಲಕ್ಷಕ್ಕೂ ಹೆಚ್ಚು ಸಿರಿಯಾ ನಿರಾಶ್ರಿತರಿದ್ದರು. ಸಾವಿರ ಜನರ ಹೆಸರು ಪಟ್ಟಿಗೆ ಸೇರಿದ್ರೆ ಲಕ್ಷಾಂತರ ಜನ ಡೇರೆಯಲ್ಲೇ ಉಳೀತಾರೆ. ಆದ್ರೆ ದಾರಿ ಇದೆ ಅಂತ ಗೊತ್ತಾಯ್ತು. 2017ರಲ್ಲಿ ಫ್ರಾನ್ಸ್, ಬೆಲ್ಜಿಯಂ ಕೂಡ ಇಂಥದೇ ಒಪ್ಪಂದ ಮಾಡಿಕೊಂಡವು. ಪಟ್ಟಿಗೆ ಸೇರಿದ ಮನೆಯವರು ಮಕ್ಕಳನ್ನು ದೋಣಿ ಹತ್ತಿಸಬೇಕಾಗಿಲ್ಲ.